ಶರದೃತುವಿನ ರಜೆ, ಚಿತ್ರಸಂಗ್ರಹಾಲಯ ಮತ್ತು ನಮ್ಮ ಕುಟುಂಬ

ಮಳೆಗಾಲ ಕಳೆದು ಆಕಾಶ ತಿಳಿಯಾಗುವ ಶರದೃತುವನ್ನು ನಮ್ಮ ಪೂರ್ವಿಕರು ಹಬ್ಬಗಳ ಕಾಲವನ್ನಾಗಿ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಹೊಲದ ಬಿರುಸಿನ ಕೆಲಸ ಒಂದು ಹದಕ್ಕೆ ಬಂದು, ಮನೆಮಂದಿ ಒಟ್ಟಿಗೆ ಕುಳಿತು ಉಸಿರಾಡುವ ಬಿಡುವು ಆಗ ದೊರೆಯುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಬನ್ನಿ ವಿನಿಮಯ, ಕರಾವಳಿಯಲ್ಲಿ ಹುಲಿವೇಷ, ಹಳೆಯ ಮೈಸೂರು ಸೀಮೆಯಲ್ಲಿ ಗೊಂಬೆ ಕೂರಿಸುವ ಸಂಪ್ರದಾಯ, ಹೀಗೆ ಪ್ರತಿಯೊಂದು ಸೀಮೆಗೂ ಅದರದೇ ಆದ ಶರತ್ಕಾಲದ ಸಡಗರವಿದೆ. ಇವುಗಳಲ್ಲಿ ಗೊಂಬೆ ಕೂರಿಸುವ ಪದ್ಧತಿಯನ್ನು ಸ್ವಲ್ಪ ಸಾವಧಾನವಾಗಿ ಪರಿಶೀಲಿಸೋಣ. ವರ್ಷವಿಡೀ ಪೆಟ್ಟಿಗೆಯಲ್ಲಿದ್ದ ಪಟ್ಟದ ಗೊಂಬೆಗಳು ಹೊರಬರುತ್ತವೆ. ಅವನ್ನು ಮೆಟ್ಟಿಲುಮೆಟ್ಟಿಲಾಗಿ ಕ್ರಮದಿಂದ ಜೋಡಿಸಲಾಗುತ್ತದೆ. ನೆರೆಹೊರೆಯ ಮಕ್ಕಳು ಬಂದು ನೋಡುತ್ತಾರೆ. ಅಜ್ಜಿ ಒಂದೊಂದು ಗೊಂಬೆಯ ಕಥೆಯನ್ನೂ ಹೇಳುತ್ತಾಳೆ. ಕೊನೆಗೆ ಕೈಗೆ ಚರುಪು ಬೀಳುತ್ತದೆ. ಸಂಗ್ರಹ, ಸಂರಕ್ಷಣೆ, ಪ್ರದರ್ಶನ, ವಿವರಣೆ ಇವು ನಾಲ್ಕೂ ಇಲ್ಲಿ ಕೂಡಿವೆ. ಇದು ಮನೆಯೊಳಗಿನ ವಸ್ತುಸಂಗ್ರಹಾಲಯವಲ್ಲದೆ ಮತ್ತೇನು?

ಉದ್ಯೋಗನಿಮಿತ್ತ ಮಹಾನಗರಗಳನ್ನು ಸೇರಿದ ನಮ್ಮ ಮನೆಗಳಲ್ಲಿ ಇಂದು ಆ ಮೆಟ್ಟಿಲುಗಳಿಗೆ ಜಾಗ ಕಡಿಮೆ. ಜಾಗಕ್ಕಿಂತಲೂ ಹೆಚ್ಚಾಗಿ, ಒಟ್ಟಿಗೆ ಕುಳಿತು ಒಂದೇ ವಸ್ತುವನ್ನು ನೋಡುವ ಅಭ್ಯಾಸವೇ ಕಡಿಮೆಯಾಗಿದೆ. ಒಂದೇ ಕೋಣೆಯಲ್ಲಿ ಅಜ್ಜ ಒಂದು ಪರದೆಯನ್ನು, ತಾಯಿ ಇನ್ನೊಂದನ್ನು, ಮಗು ಮತ್ತೊಂದನ್ನು ನೋಡುತ್ತಿರುವ ದೃಶ್ಯ ಈಗ ಯಾರಿಗೂ ಹೊಸತಲ್ಲ. ಇಂಥ ಕಾಲದಲ್ಲಿ ವಸ್ತುಸಂಗ್ರಹಾಲಯಗಳು ಶರತ್ಕಾಲದಲ್ಲಿ ನಡೆಸುವ ಚಲನಚಿತ್ರ ಪ್ರದರ್ಶನ ಹಾಗೂ ಕೌಟುಂಬಿಕ ಚಟುವಟಿಕೆಗಳ ಕಡೆಗೆ ನಮ್ಮ ಬಂಧುಗಳ ಗಮನ ಸೆಳೆಯುವುದು ಈ ಲೇಖನದ ಉದ್ದೇಶ.

ಪಾಶ್ಚಾತ್ಯ ದೇಶಗಳಲ್ಲಿ ಶರತ್ಕಾಲ ಬಂತೆಂದರೆ ಸಂಗ್ರಹಾಲಯಗಳು ಕಾರ್ಯಕ್ರಮಪಟ್ಟಿಯನ್ನು ಪ್ರಕಟಿಸುವುದು ವಾಡಿಕೆ. ಬೆಳಿಗ್ಗೆ ಮಕ್ಕಳಿಗೆ ಕೈಕೆಲಸ, ಮಧ್ಯಾಹ್ನ ಎಲ್ಲರಿಗೂ ಒಂದು ಚಲನಚಿತ್ರ, ಬಳಿಕ ಆ ಚಿತ್ರಕ್ಕೆ ಸಂಬಂಧಿಸಿದ ವಸ್ತುಗಳ ದರ್ಶನ, ಇದು ಅದರ ಸಾಮಾನ್ಯ ಸ್ವರೂಪ. ಚಲನಚಿತ್ರವೂ ಸಂಗ್ರಹಿಸಿಡಲು ಯೋಗ್ಯವಾದ ಕಲೆಯೆಂಬ ಭಾವನೆ ಅಲ್ಲಿ ಬಹಳ ಹಿಂದೆಯೇ ಬೇರೂರಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 1935ರಲ್ಲಿಯೇ ತನ್ನ ಚಲನಚಿತ್ರ ವಿಭಾಗವನ್ನು ತೆರೆಯಿತು. ಪ್ಯಾರಿಸ್ಸಿನಲ್ಲಿ ಮರುವರ್ಷವೇ ಹೆನ್ರಿ ಲಾಂಗ್ಲ್ವಾ ಮತ್ತು ಅವರ ಮಿತ್ರರು ಚಿತ್ರಸಂಗ್ರಹಾಲಯವೊಂದನ್ನು ಕಟ್ಟಿದರು. ನಮ್ಮ ದೇಶದಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರವು 1964ರಲ್ಲಿ ಪುಣೆಯಲ್ಲಿ ಸ್ಥಾಪಿತವಾಯಿತು. ಸಾರ್ವಜನಿಕರು ಸಂಸಾರಸಮೇತ ಹೋಗಿ ನೋಡಬಹುದಾದ ಭಾರತೀಯ ಚಲನಚಿತ್ರ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಮುಂಬಯಿಯಲ್ಲಿ 2019ರ ಜನವರಿ 19ರಂದು ಉದ್ಘಾಟನೆಗೊಂಡಿತು.

ಒಂದು ಸಂಸಾರದ ವಿಹಾರದಿಂದ ಹುಟ್ಟಿದ ಚಿತ್ರರಂಗ

ಚಲನಚಿತ್ರಕ್ಕೂ ಕುಟುಂಬಕ್ಕೂ ಏನು ಸಂಬಂಧವೆಂದು ಕೇಳುವವರು ದಾದಾಸಾಹೇಬ ಫಾಲ್ಕೆಯವರ ಜೀವನವನ್ನು ಗಮನಿಸಬೇಕು. 1910–11ರ ಸುಮಾರಿನಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ನಡೆಯುತ್ತಿದ್ದ ಚಿತ್ರಪ್ರದರ್ಶನವೊಂದರಲ್ಲಿ ಅವರು ಏಸುಕ್ರಿಸ್ತನ ಜೀವನವನ್ನು ಕುರಿತ ಚಿತ್ರವನ್ನು ಕಂಡರು. ಬಳಿಕ ಪತ್ನಿ ಸರಸ್ವತೀಬಾಯಿಯವರನ್ನೂ ಕರೆದೊಯ್ದು ತೋರಿಸಿದರು. ನಮ್ಮ ರಾಮಕೃಷ್ಣರ ಕಥೆಗಳನ್ನೂ ಹೀಗೆಯೇ ತೆರೆಯ ಮೇಲೆ ತರಬಾರದೇಕೆ ಎಂಬ ಪ್ರಶ್ನೆ ಅಲ್ಲಿಯೇ ಮೊಳೆಯಿತು. ಅನಂತರ ಹಗಲಿರುಳೆನ್ನದೆ ಚಿತ್ರಗಳನ್ನು ನೋಡಿ ಅಭ್ಯಾಸ ಮಾಡಿದ್ದರ ಪರಿಣಾಮವಾಗಿ ಅವರ ಕಣ್ಣುಗಳು ಬಳಲಿ ದೃಷ್ಟಿಯೇ ಕೆಲಕಾಲ ಮಸುಕಾಯಿತು. ಚಿಕಿತ್ಸೆಯಿಂದ ಅದು ಮರಳಿತು. ವಿಮಾಪತ್ರಗಳನ್ನು ಅಡವಿಟ್ಟು ಸಾಲ ತೆಗೆದು 1912ರಲ್ಲಿ ಅವರು ಲಂಡನ್ನಿಗೆ ಹೋಗಿಬಂದರು. ಸಾಲದ ಅರ್ಜಿಗಳನ್ನು ಪರಿಶೀಲಿಸುವುದೇ ವೃತ್ತಿಯಾಗಿರುವ ನನ್ನಂಥವನಿಗೆ ಈ ಪ್ರಸಂಗ ವಿಶೇಷವಾಗಿ ತಟ್ಟುತ್ತದೆ. ಅಂದು ಯಾವ ಬ್ಯಾಂಕಿನ ಲೆಕ್ಕಾಚಾರಕ್ಕೂ ಒಗ್ಗದ ಉದ್ಯಮವದು.

ಮರಳಿ ಬಂದ ಫಾಲ್ಕೆಯವರು ಬಟಾಣಿ ಕಾಳೊಂದು ಮೊಳೆತು ಗಿಡವಾಗುವುದನ್ನು ಬಿಡಿಬಿಡಿಯಾಗಿ ಚಿತ್ರಿಸಿ, ಕೂಡಿಸಿ ತೋರಿಸಿದರು. ಅದನ್ನು ಕಂಡ ಮೇಲೆಯೇ ಹಣ ಹೂಡುವವರಿಗೆ ನಂಬಿಕೆ ಹುಟ್ಟಿತು. 1913ರ ಮೇ 3ರಂದು ಗಿರಗಾಂವಿನ ಕಾರೊನೇಷನ್ ಚಿತ್ರಮಂದಿರದಲ್ಲಿ ‘ರಾಜಾ ಹರಿಶ್ಚಂದ್ರ’ ಸಾರ್ವಜನಿಕ ಪ್ರದರ್ಶನ ಕಂಡಿತು. ಈ ಚಿತ್ರದ ಹಿಂದೆ ಇಡೀ ಸಂಸಾರದ ದುಡಿಮೆಯಿದೆ. ಸರಸ್ವತೀಬಾಯಿಯವರು ಚಿತ್ರಸುರುಳಿಗೆ ಅಂಚಿನ ರಂಧ್ರಗಳನ್ನು ಹಾಕಿದರು. ರಸಾಯನಗಳ ಕೆಲಸ ಕಲಿತರು. ತಂಡದ ಅರವತ್ತೆಪ್ಪತ್ತು ಜನರಿಗೆ ಅಡುಗೆ ಮಾಡಿ ಬಡಿಸಿದರು. ಮಗ ಭಾಲಚಂದ್ರ ರೋಹಿತಾಶ್ವನಾದ. ಮುಂದೆ 1919ರ ‘ಕಾಳಿಯ ಮರ್ದನ’ದಲ್ಲಿ ಮಗಳು ಮಂದಾಕಿನಿ ಬಾಲಕೃಷ್ಣನಾಗಿ ಅಭಿನಯಿಸಿದಳು. ಭಾರತೀಯ ಚಿತ್ರರಂಗವು ಒಂದು ಕುಟುಂಬದ ವಿಹಾರದಿಂದ ಹುಟ್ಟಿ, ಒಂದು ಕುಟುಂಬದ ಅಡುಗೆಮನೆಯಲ್ಲಿ ಬೆಳೆಯಿತೆಂದರೆ ಅತಿಶಯೋಕ್ತಿಯಾಗಲಾರದು.

ಗುಲ್ಶನ್ ಮಹಲಿನಲ್ಲಿ

ಮುಂಬಯಿಯ ಪೆಡ್ಡರ್ ರಸ್ತೆಯಲ್ಲಿ, 1948ರಲ್ಲಿ ಸ್ಥಾಪನೆಗೊಂಡ ಫಿಲ್ಮ್ಸ್ ಡಿವಿಜನ್ನಿನ ಆವರಣದಲ್ಲಿ ಈ ವಸ್ತುಸಂಗ್ರಹಾಲಯವಿದೆ. ಫಿಲ್ಮ್ಸ್ ಡಿವಿಜನ್ ಈಗ ಪ್ರತ್ಯೇಕ ಸಂಸ್ಥೆಯಾಗಿ ಉಳಿದಿಲ್ಲ. 2022ರಲ್ಲಿ ಅದರ ಹೊಣೆಗಾರಿಕೆಗಳನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮಕ್ಕೆ ವಹಿಸಲಾಯಿತು. ಸಂಗ್ರಹಾಲಯಕ್ಕೆ ಎರಡು ಕಟ್ಟಡಗಳಿವೆ. ಹತ್ತೊಂಬತ್ತನೆಯ ಶತಮಾನದ ಸುಂದರ ಬಂಗಲೆಯಾದ ಗುಲ್ಶನ್ ಮಹಲಿನಲ್ಲಿ ಮೂಕಿಚಿತ್ರಗಳ ಕಾಲದಿಂದ ಹೊಸ ಅಲೆಯ ಚಿತ್ರಗಳವರೆಗಿನ ಇತಿಹಾಸವನ್ನು ಕ್ರಮವಾಗಿ ಕಾಣಬಹುದು. ಹೊಸ ಕಟ್ಟಡದಲ್ಲಿ ಗಾಂಧೀಜಿ ಮತ್ತು ಚಿತ್ರರಂಗ, ಮಕ್ಕಳ ಚಿತ್ರಶಾಲೆ, ತಂತ್ರಜ್ಞಾನ ಮತ್ತು ಸೃಜನಶೀಲತೆ, ಭಾರತದುದ್ದಗಲದ ಚಿತ್ರರಂಗ ಎಂಬ ನಾಲ್ಕು ವಿಭಾಗಗಳಿವೆ. ಮಕ್ಕಳ ವಿಭಾಗದ ವೈಶಿಷ್ಟ್ಯವೆಂದರೆ, ಕ್ಯಾಮೆರಾ, ಬೆಳಕು, ಅಭಿನಯ ಮೊದಲಾದವುಗಳ ಮರ್ಮವನ್ನು ಮಗು ಸ್ವತಃ ಮಾಡಿ ತಿಳಿಯುವಂತೆ ಏರ್ಪಾಡು ಮಾಡಿರುವುದು.

ಮುಂಬಯಿಯ ಕನ್ನಡಿಗರಿಗೆ ಇನ್ನೂ ಎರಡು ಸ್ಥಳಗಳು ಸಮೀಪದಲ್ಲಿವೆ. ವರಳಿಯ ನೆಹರೂ ವಿಜ್ಞಾನ ಕೇಂದ್ರದಲ್ಲಿ ಯಂತ್ರಗಳನ್ನು ಮುಟ್ಟಿ ಕಲಿಯಬಹುದು, ವಿಜ್ಞಾನ ಚಿತ್ರಗಳನ್ನೂ ನೋಡಬಹುದು. ಕೋಟೆ ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ 2019ರಿಂದ ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ಒಂದು ಸ್ವಾರಸ್ಯ: 1905ರಲ್ಲಿ ಅಡಿಗಲ್ಲು ಹಾಕಿದ ಆ ಭವ್ಯ ಕಟ್ಟಡವನ್ನು ಪ್ರಥಮ ಮಹಾಯುದ್ಧದ ಸಮಯದಲ್ಲಿ ಸೈನಿಕರ ಆಸ್ಪತ್ರೆಯಾಗಿ ಬಳಸಲಾಗಿತ್ತು, ವಸ್ತುಸಂಗ್ರಹಾಲಯವಾಗಿ ಅದು ಜನರಿಗೆ ತೆರೆದದ್ದು 1922ರಲ್ಲಿ. ಸಂಗ್ರಹಾಲಯಕ್ಕೂ ಆರೋಗ್ಯಕ್ಕೂ ಇರುವ ನಂಟು ಅಷ್ಟು ಹಳೆಯದು.

ಕಳೆದುಹೋದದ್ದು ಮತ್ತು ಉಳಿದದ್ದು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ನಿರ್ದೇಶಕರು ವೈ. ವಿ. ರಾವ್, ತಾರಾಗಣದಲ್ಲಿ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್, ಸಂಭಾಷಣೆ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಬೆಂಗಳೂರಿನಲ್ಲಿ ತಕ್ಕ ಸೌಕರ್ಯವಿಲ್ಲದ ಆ ದಿನಗಳಲ್ಲಿ ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ಕನ್ನಡದ ಮೊದಲ ಮಾತು ತೆರೆಗಾಗಿ ಮುದ್ರಿತವಾದದ್ದು ಇಂದಿನ ಮಹಾರಾಷ್ಟ್ರದ ನೆಲದಲ್ಲಿ ಎಂಬುದನ್ನು ಇಲ್ಲಿ ನೆಲೆಸಿರುವ ನಾವು ಅಭಿಮಾನದಿಂದ ನೆನೆಯಬೇಕು. ಆದರೆ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. 1931ರಲ್ಲಿ ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡ ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ದ ಗತಿಯೂ ಅದೇ.

ಇದಕ್ಕೆ ಕಾರಣ ಉಪೇಕ್ಷೆಯೊಂದೇ ಅಲ್ಲ. ಆ ಕಾಲದ ಚಿತ್ರಸುರುಳಿ ನೈಟ್ರೇಟಿನದು. ಬೇಗ ಹೊತ್ತಿಕೊಳ್ಳುವಂಥದು, ಸೆಕೆಗೆ ಕೊಳೆಯುವಂಥದು. ಅನಂತರ ಬಂದ ಅಸಿಟೇಟ್ ಸುರುಳಿಯೂ ಶಾಖ ಮತ್ತು ತೇವಕ್ಕೆ ಸಿಕ್ಕರೆ ಹುಳಿಯಾದ ವಿನಿಗರ್ ವಾಸನೆ ಬೀರುತ್ತ ಸುರುಟಿಹೋಗುತ್ತದೆ. ಬೆಳ್ಳಿಯ ಅಂಶವಿರುತ್ತಿದ್ದುದರಿಂದ ಹಳೆಯ ಸುರುಳಿಗಳನ್ನು ಕರಗಿಸಿ ಮಾರಿದವರೂ ಉಂಟು. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನು ಸವಕಳಿಯ ಲೆಕ್ಕವನ್ನು ಬಲ್ಲೆ. ಯಂತ್ರಕ್ಕೆ ವರ್ಷವರ್ಷವೂ ಬೆಲೆ ಇಳಿಯುತ್ತದೆ. ಕಡೆಗೆ ಗುಜರಿಯ ಬೆಲೆ ಉಳಿಯುತ್ತದೆ. ಹಳೆಯ ಚಿತ್ರಗಳನ್ನೂ ನಾವು ಈ ಲೆಕ್ಕದಲ್ಲಿಯೇ ನೋಡಿದೆವು. ಆದರೆ ಸ್ಮೃತಿಯ ಬೆಲೆ ಕಾಲ ಕಳೆದಂತೆ ಏರುತ್ತದೆ. ಅದನ್ನು ಯಾವ ಲೆಕ್ಕಪುಸ್ತಕವೂ ತೋರಿಸುವುದಿಲ್ಲ.

ಇನ್ನೊಂದು ಬದಿಯಲ್ಲಿ ಸಮಾಧಾನದ ಸಂಗತಿಯೂ ಇದೆ. ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ ರಾಷ್ಟ್ರೀಯ ಸ್ವರ್ಣಕಮಲ ಪಡೆದ ಚಿತ್ರ. ಪುಣೆಯ ಸಂಗ್ರಹಾಗಾರದಲ್ಲಿ ಕಾಪಾಡಿಟ್ಟಿದ್ದ ಅದರ ಮೂಲ ನೆಗೆಟಿವ್‌ನ ಆಧಾರದಿಂದ, ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮೊದಲಾದ ಸಂಸ್ಥೆಗಳ ಪ್ರಯತ್ನದಿಂದ ಚಿತ್ರ ಜೀರ್ಣೋದ್ಧಾರಗೊಂಡು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ಪ್ರದರ್ಶಿತವಾಯಿತು. ನಲವತ್ತೇಳು ವರ್ಷಗಳ ಬಳಿಕ ಕನ್ನಡದ ಅಗ್ರಹಾರವೊಂದು ದೂರದ ಇಟಲಿಯಲ್ಲಿ ಪುನಃ ಕಣ್ತೆರೆಯಿತು. ಒಂದು ಪೆಟ್ಟಿಗೆ ಜೋಪಾನವಾಗಿದ್ದುದರಿಂದ ಇದು ಸಾಧ್ಯವಾಯಿತು. ಅಂಥ ಪೆಟ್ಟಿಗೆ ಇಲ್ಲದ್ದರಿಂದ ‘ಸತಿ ಸುಲೋಚನಾ’ ನಮಗೆ ಇಲ್ಲವಾಯಿತು. ಯುನೆಸ್ಕೊ ಸಂಸ್ಥೆಯು ಅಕ್ಟೋಬರ್ 27ನ್ನು ವಿಶ್ವ ದೃಶ್ಯ-ಶ್ರವ್ಯ ಪರಂಪರೆಯ ದಿನವೆಂದು 2005ರಲ್ಲಿ ಗೊತ್ತುಮಾಡಿದೆ. ಚಲಿಸುವ ಚಿತ್ರಗಳನ್ನು ರಕ್ಷಿಸಬೇಕೆಂದು 1980ರಲ್ಲಿ ಅದೇ ದಿನ ಅಂಗೀಕರಿಸಿದ ಶಿಫಾರಸಿನ ಸ್ಮರಣೆಗಾಗಿ. ಆ ದಿನವು ನಮ್ಮ ಶರತ್ಕಾಲದ ಹಬ್ಬಗಳ ಆಸುಪಾಸಿನಲ್ಲಿಯೇ ಬರುವುದು ಒಂದು ಸುಯೋಗ.

ವೈದ್ಯಕೀಯ ದೃಷ್ಟಿ

ಸಂಗ್ರಹಾಲಯಕ್ಕೆ ಹೋಗುವುದರಿಂದ ಆರೋಗ್ಯಕ್ಕೇನು ಲಾಭವೆಂಬ ಪ್ರಶ್ನೆ ಸಹಜವಾದುದು. ಇಂಗ್ಲೆಂಡಿನಲ್ಲಿ ಐವತ್ತು ವರ್ಷ ದಾಟಿದ ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹತ್ತು ವರ್ಷಗಳ ಕಾಲ ಅನುಸರಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಚಲನಚಿತ್ರ, ನಾಟಕ, ಪ್ರದರ್ಶನಗಳಿಗೆ ಕೆಲವು ತಿಂಗಳಿಗೊಮ್ಮೆ ಹೋಗುತ್ತಿದ್ದವರಲ್ಲಿ ಖಿನ್ನತೆ ತಲೆದೋರುವ ಸಂಭವ ಶೇಕಡಾ 32ರಷ್ಟು, ತಿಂಗಳಿಗೊಮ್ಮೆ ಅಥವಾ ಅದಕ್ಕೂ ಹೆಚ್ಚಾಗಿ ಹೋಗುತ್ತಿದ್ದವರಲ್ಲಿ ಶೇಕಡಾ 48ರಷ್ಟು ಕಡಿಮೆಯಿದ್ದುದು ಅದರಿಂದ ಕಂಡುಬಂದಿತು. ಅಂಕಿಗಳೊಡನೆ ದಿನ ಕಳೆಯುವವನಾದ್ದರಿಂದ ಒಂದು ಎಚ್ಚರಿಕೆಯ ಮಾತನ್ನು ಸೇರಿಸುತ್ತೇನೆ: ಎರಡು ಸಂಗತಿಗಳು ಜತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ಖಿನ್ನತೆಯಿಂದ ಬಳಲುವವರಿಗೆ ಸಂಗ್ರಹಾಲಯವು ವೈದ್ಯರಿಗೆ ಬದಲಾಗಲಾರದು. ಆದರೂ ಮನೆಯಿಂದ ಹೊರಬರುವುದು, ನಾಲ್ಕು ಹೆಜ್ಜೆ ನಡೆಯುವುದು, ನಾಲ್ಕು ಜನರೊಡನೆ ಮಾತಾಡುವುದು ಹಿತಕರವೆಂಬುದರಲ್ಲಿ ಸಂಶಯವಿಲ್ಲ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ 2018ರ ಶರತ್ಕಾಲದಲ್ಲಿ ವೈದ್ಯರ ಸಂಘ ಹಾಗೂ ಅಲ್ಲಿನ ಲಲಿತಕಲಾ ಸಂಗ್ರಹಾಲಯ ಸೇರಿ ಒಂದು ಪ್ರಯೋಗ ನಡೆಸಿದವು. ವೈದ್ಯರು ಔಷಧಿಯ ಚೀಟಿಯಂತೆಯೇ ಸಂಗ್ರಹಾಲಯ ದರ್ಶನದ ಚೀಟಿಯನ್ನು ಬರೆದುಕೊಡುವುದು, ರೋಗಿಯೊಂದಿಗೆ ಮನೆಯವರಿಗೂ ಉಚಿತ ಪ್ರವೇಶ ನೀಡುವುದು ಅದರ ಕ್ರಮ.

ಇದು ನಮ್ಮ ಸಮಾಜಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಊರಿನ ಮನೆ ಮುಚ್ಚಿ, ಮಗನ ಸಂಸಾರದೊಡನೆ ಇರಲು ಮಹಾನಗರಕ್ಕೆ ಬಂದ ವೃದ್ಧ ತಂದೆತಾಯಿಗಳ ಏಕಾಂತವನ್ನು ನಾವೆಲ್ಲರೂ ಬಲ್ಲೆವು. ಲಿಫ್ಟಿನ ಗುಂಡಿ ಒತ್ತಲು ಹಿಂಜರಿಯುವವರು, ಪಕ್ಕದ ಮನೆಯವರ ಭಾಷೆ ಬಾರದವರು ಅವರಲ್ಲಿ ಅನೇಕರು. ಹಳೆಯ ಪ್ರೊಜೆಕ್ಟರ್ ಯಂತ್ರವೊಂದರ ಮುಂದೆ ನಿಲ್ಲಿಸಿದರೆ ಇವರೇ ಮೇಷ್ಟರಾಗುತ್ತಾರೆ. ಟೂರಿಂಗ್ ಟಾಕೀಸಿನ ಡೇರೆ, ನೆಲದ ಟಿಕೆಟ್ಟು, ಸುರುಳಿ ಬದಲಾಯಿಸುವಾಗ ಬೀಳುತ್ತಿದ್ದ ಕತ್ತಲೆ, ಆಗ ಏಳುತ್ತಿದ್ದ ಶಿಳ್ಳೆ ಇವನ್ನೆಲ್ಲ ಮೊಮ್ಮಕ್ಕಳಿಗೆ ಹೇಳಬಲ್ಲವರು ಅವರೊಬ್ಬರೇ. ಮಕ್ಕಳು ಕನ್ನಡದಲ್ಲಿ ಪ್ರಶ್ನೆ ಕೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ದೊರೆಯದು. ಪಾಠವಾಗಿ ಬಂದ ಭಾಷೆಯನ್ನು ಮಕ್ಕಳು ಮರೆಯಬಹುದು. ಕುತೂಹಲವಾಗಿ ಬಂದ ಭಾಷೆ ನಿಲ್ಲುತ್ತದೆ.

ಹೊರಡುವ ಮುನ್ನ

ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿದ್ದ ಬೆಂಜಮಿನ್ ಗಿಲ್ಮನ್ ಎಂಬವರು 1916ರಲ್ಲಿಯೇ ‘ಸಂಗ್ರಹಾಲಯದ ಆಯಾಸ’ವನ್ನು ಕುರಿತು ಲೇಖನ ಬರೆದರು. ಪ್ರದರ್ಶನದ ಪೆಟ್ಟಿಗೆಗಳನ್ನು ನೋಡಲು ಮನುಷ್ಯನೊಬ್ಬ ಬಗ್ಗುವ, ಕೂರುವ, ಕತ್ತು ಚಾಚುವ ಭಂಗಿಗಳ ಛಾಯಾಚಿತ್ರ ತೆಗೆದು, ನೋಡುವುದೂ ಒಂದು ದೇಹಶ್ರಮವೆಂದು ಅವರು ತೋರಿಸಿಕೊಟ್ಟರು. ಟಿಕೆಟ್ಟಿನ ಹಣ ವಸೂಲಾಗಬೇಕೆಂದು ಒಂದೇ ದಿನ ಎಲ್ಲವನ್ನೂ ನೋಡುವ ನಮ್ಮ ಆತುರಕ್ಕೆ ಇದು ಒಳ್ಳೆಯ ಪಾಠ. ಒಂದು ಭೇಟಿಗೆ ಒಂದು ವಿಭಾಗ ಸಾಕು. ಒಂದೂವರೆ ಗಂಟೆಯ ಬಳಿಕ ಕುಳಿತು ವಿಶ್ರಮಿಸುವುದು ಲೇಸು.

ಮುಂಬಯಿಯಲ್ಲಿ ಅಕ್ಟೋಬರಿನ ಬಿಸಿಲು ಕಡುಕಠಿಣ. ಮಳೆ ನಿಂತು ಸೆಕೆ ಏರುವ ದಿನಗಳಾದ್ದರಿಂದ ಕುಡಿಯುವ ನೀರನ್ನು ಜತೆಗೊಯ್ಯಬೇಕು. ಸಕ್ಕರೆ ಕಾಯಿಲೆಯವರು ಊಟದ ವೇಳೆಯನ್ನು ತಪ್ಪಿಸಬಾರದು. ಮಾತ್ರೆ ಹಾಗೂ ಒಂದಿಷ್ಟು ತಿಂಡಿ ಕೈಯಲ್ಲಿರಲಿ. ಪ್ರಖರ ಬಿಸಿಲಿನಿಂದ ಕತ್ತಲ ಚಿತ್ರಮಂದಿರಕ್ಕೆ ಕಾಲಿಟ್ಟಾಗ ವಯಸ್ಸಾದವರ ಕಣ್ಣು ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ. ಆದುದರಿಂದ ದೀಪ ಆರುವ ಮುನ್ನವೇ ಅವರನ್ನು ಆಸನದಲ್ಲಿ ಕೂರಿಸುವುದು, ಮೆಟ್ಟಿಲಲ್ಲಿ ಕೈಹಿಡಿಯುವುದು ಅವಶ್ಯ. ಬಹಳ ಎಳೆಯ ಮಕ್ಕಳನ್ನು ದೀರ್ಘ ಪ್ರದರ್ಶನಕ್ಕೆ ಕರೆದೊಯ್ಯಬೇಕಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಕಾಲ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ. ಚಿತ್ರ ಮುಗಿದ ಮೇಲೆ ಬಯಲಿನಲ್ಲಿ ಆಡಲು ಬಿಡುವುದು ಇನ್ನೂ ಉತ್ತಮ. ಹೊರಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ಕಡಿಮೆಯೆಂದು ನೇತ್ರತಜ್ಞರು ಹೇಳುತ್ತಾರೆ. ಫಾಲ್ಕೆಯವರ ಕಣ್ಣಿಗೆ ಬಂದ ಕಷ್ಟವನ್ನು ಮಕ್ಕಳಿಗೆ ಕಥೆಯಾಗಿ ಹೇಳಿದರೆ ಉಪದೇಶಕ್ಕಿಂತ ಚೆನ್ನಾಗಿ ನಾಟೀತು. ಸಂಗ್ರಹಾಲಯದ ವಾರದ ರಜೆ ಹಾಗೂ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಮನೆಯಲ್ಲಿ ಮುಂದುವರಿಯಬೇಕಾದ ಕೆಲಸ

ಸಂಗ್ರಹಾಲಯದ ಭೇಟಿ ಮನೆಗೆ ಬಂದ ಮೇಲೂ ಮುಂದುವರಿದರೆ ಮಾತ್ರ ಸಾರ್ಥಕ. ಎರಡು ಚಟುವಟಿಕೆಗಳನ್ನು ಸೂಚಿಸುತ್ತೇನೆ. ಮೊದಲನೆಯದು ಮಕ್ಕಳಿಗೆ. ರಟ್ಟಿನಿಂದ ಅಂಗೈಯಗಲದ ಒಂದು ಬಿಲ್ಲೆಯನ್ನು ಕತ್ತರಿಸಿ. ಒಂದು ಮುಖದಲ್ಲಿ ಹಕ್ಕಿಯನ್ನೂ, ಇನ್ನೊಂದು ಮುಖದಲ್ಲಿ ತಲೆಕೆಳಗಾಗಿ ಪಂಜರವನ್ನೂ ಬರೆಯಿರಿ. ಎಡಬಲದ ಅಂಚುಗಳಲ್ಲಿ ತೂತು ಮಾಡಿ ದಾರ ಕಟ್ಟಿ, ಬೆರಳುಗಳಿಂದ ಹೊಸೆದು ವೇಗವಾಗಿ ತಿರುಗಿಸಿ. ಹಕ್ಕಿ ಪಂಜರದೊಳಗೆ ಕೂತಂತೆ ಕಾಣುತ್ತದೆ. ಲಂಡನ್ನಿನ ವೈದ್ಯ ಜಾನ್ ಐರ್ಟನ್ ಪ್ಯಾರಿಸ್ ಅವರು 1825ರ ಸುಮಾರಿಗೆ ಪ್ರಚಾರಕ್ಕೆ ತಂದ ಆಟಿಕೆಯಿದು. ಬೇಗಬೇಗನೆ ಬದಲಾಗುವ ಬಿಡಿ ಚಿತ್ರಗಳನ್ನು ಕಣ್ಣು ಮತ್ತು ಮೆದುಳು ಕೂಡಿಸಿಕೊಳ್ಳುತ್ತವೆ ಎಂಬ ಈ ತತ್ತ್ವದ ಮೇಲೆಯೇ ಕ್ಷಣಕ್ಕೆ ಇಪ್ಪತ್ತನಾಲ್ಕು ಚಿತ್ರಗಳಂತೆ ಓಡುವ ಸಿನಿಮಾ ನಿಂತಿದೆ.

ಎರಡನೆಯದು ದೊಡ್ಡವರಿಗೆ. ಮಳೆಗಾಲದ ತೇವ ಕಳೆದ ಶರತ್ಕಾಲವೇ ಹಳೆಯ ಪೆಟ್ಟಿಗೆಗಳನ್ನು ತೆರೆಯಲು ತಕ್ಕ ಸಮಯ. ಮದುವೆಯ ವಿಡಿಯೊ ಕ್ಯಾಸೆಟ್ಟು, ಅಜ್ಜನ ಧ್ವನಿಯಿರುವ ಧ್ವನಿಸುರುಳಿ, ಊರ ಜಾತ್ರೆಯ ಛಾಯಾಚಿತ್ರ, ಇವು ಬೂಷ್ಟು ಹಿಡಿಯುವ ಮೊದಲೇ ಒಣ ಬಟ್ಟೆಯಲ್ಲಿ ಒರೆಸಿ, ತಂಪಾದ ಒಣ ಜಾಗದಲ್ಲಿಡಬೇಕು. ಕ್ಯಾಸೆಟ್ಟುಗಳಲ್ಲಿರುವುದನ್ನು ಗಣಕಕ್ಕೆ ಇಳಿಸಿ ಎರಡು ಕಡೆ ಪ್ರತಿ ಇಡಬೇಕು. ಛಾಯಾಚಿತ್ರದ ಬೆನ್ನಲ್ಲಿ ಮೆತ್ತನೆಯ ಸೀಸದಕಡ್ಡಿಯಿಂದ ಹೆಸರು, ಊರು, ವರ್ಷ ಬರೆಯಬೇಕು. ಇಂದು ಎಲ್ಲರ ಕೈಯಲ್ಲಿರುವ ಮೊಬೈಲು ಫೋನಿನಲ್ಲಿಯೇ ಅಜ್ಜಿಯನ್ನು ಕೂರಿಸಿ ಅರ್ಧ ಗಂಟೆ ಮಾತಾಡಿಸಿ ಚಿತ್ರೀಕರಿಸಿಕೊಳ್ಳಬಹುದು. ಪ್ರಶ್ನೆಗಳನ್ನು ಮೊಮ್ಮಗು ಕೇಳಲಿ. ‘ಸತಿ ಸುಲೋಚನಾ’ವನ್ನು ನಾವು ಮರಳಿ ಪಡೆಯಲಾರೆವು. ಆದರೆ ನಮ್ಮ ಮನೆಯ ಮಾತು ಅದರಂತೆ ಅಳಿಯದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ, ಅದಕ್ಕೆ ಸರಕಾರದ ಅನುದಾನವೂ ಬೇಕಿಲ್ಲ.

ಕೊನೆಯದಾಗಿ ನಮ್ಮ ಸಂಘದ ಮುಂದೆ ಒಂದು ವಿನಂತಿ. ನವರಾತ್ರಿಯಿಂದ ದೀಪಾವಳಿಯವರೆಗಿನ ಭಾನುವಾರಗಳಲ್ಲಿ ಒಂದನ್ನು ಸಂಗ್ರಹಾಲಯದ ಸಾಮೂಹಿಕ ಭೇಟಿಗೆ, ಒಂದನ್ನು ಸಂಘದ ಸಭಾಂಗಣದಲ್ಲಿ ಒಂದು ಒಳ್ಳೆಯ ಕನ್ನಡ ಚಿತ್ರದ ಪ್ರದರ್ಶನ ಮತ್ತು ಚರ್ಚೆಗೆ, ಒಂದನ್ನು ಮನೆಮನೆಯ ಹಳೆಯ ಛಾಯಾಚಿತ್ರಗಳ ಪ್ರದರ್ಶನಕ್ಕೆ ಮೀಸಲಿಡಬಹುದು. ಖರ್ಚು ಅಲ್ಪ. ತಿಂಗಳು ತಿಂಗಳೂ ಅಲ್ಪಸ್ವಲ್ಪ ಕಟ್ಟಿದ ಆವರ್ತಕ ಠೇವಣಿಯು ಅವಧಿ ತುಂಬಿದಾಗ ಕೈಹಿಡಿಯುವಂತೆ, ಹೀಗೆ ಒಟ್ಟಿಗೆ ಕಳೆದ ಭಾನುವಾರಗಳು ಹಿರಿಯರ ಇಳಿವಯಸ್ಸಿಗೂ ಮಕ್ಕಳ ಮುಂದಿನ ಬಾಳಿಗೂ ಒದಗಿಬಂದಾವು. ಈ ಶರದೃತುವಿನಲ್ಲಿಯೇ ಮೊದಲ ಕಂತನ್ನು ಕಟ್ಟೋಣ.